ಮಲೆನಾಡಿನ ಹೊಗೆಯಟ್ಟವೂ ಉಕ್ಕಿನ ಪೀಪಾಯಿಯೂ

ಗೃಹೋಪಕರಣಗಳ ಚರಿತ್ರೆಯು ಜನಜೀವನದ ಚರಿತ್ರೆಯ ಒಂದು ಅಂಗವೇ ಆಗಿದೆ. ಮೂಡಿಗೆರೆ, ಕಳಸ ಸೀಮೆಗಳ ಹಳೆಯ ಮನೆಗಳಲ್ಲಿ ಒಲೆಯ ಮೇಲಣ ಅಟ್ಟವು ಮಳೆಗಾಲದ ಉಗ್ರಾಣವಾಗಿದ್ದಿತು. ಹೊಗೆಯು ಎಡೆಬಿಡದೆ ತಾಗುತ್ತಿದ್ದುದರಿಂದ ಬಿತ್ತನೆಯ ಬೀಜವೂ ಬಿದಿರಿನ ಬುಟ್ಟಿಯೂ ಹುಳುವಿನಿಂದ ಪಾರಾಗುತ್ತಿದ್ದವು. ಮಾಂಸಾಹಾರಿಗಳ ಮನೆಗಳಲ್ಲಿ ಉಪ್ಪು ಸವರಿದ ಮಾಂಸವೂ ಮೀನೂ ಅಲ್ಲಿಯೇ ಒಣಗುತ್ತಿದ್ದವು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಗೆ ನಿರ್ಬಂಧ ಬಿದ್ದಿತು; ಅನಿಲದ ಒಲೆ ಬಂದ ಮನೆಗಳಲ್ಲಿ ಅಟ್ಟದ ಹೊಗೆಯೂ ಆರಿತು.

ಈಚೆಗೆ ತೋಟದ ಮನೆಗಳ ಅಂಗಳದಲ್ಲಿ ಇದ್ದಿಲಿನ ಪೀಪಾಯಿಯು ಕಾಣಿಸಿಕೊಂಡಿದೆ. ಉಕ್ಕಿನ ಪೀಪಾಯಿಗೆ ಅಮೆರಿಕದಲ್ಲಿ ೧೯೦೫ರಲ್ಲಿ ಪೇಟೆಂಟು ದೊರೆಯಿತು. ಎಣ್ಣೆಯನ್ನು ಸಾಗಿಸಿದ ಪಾತ್ರೆಯೇ ಮುಂದೆ ಅಡುಗೆಯ ಪಾತ್ರೆಯಾಯಿತು. ಕೆಳಗೆ ಗಾಳಿಕಿಂಡಿ, ಅದರ ಮೇಲೆ ಕೆಂಡದ ಬುಟ್ಟಿ, ಮೇಲುಗಡೆ ಜಾಲರಿ, ಮುಚ್ಚಳ: ಇದರ ರಚನೆ ಇಷ್ಟೆ. ಕಿಂಡಿಯನ್ನು ಕಿರಿದು ಮಾಡಿದರೆ ಕಾವು ತಗ್ಗುವುದು, ತೆರೆದರೆ ಏರುವುದು. ಬೂದಿಯು ಮಳೆನಾಡಿನ ತೇವವನ್ನು ಹೀರಿ ಉಕ್ಕನ್ನು ತಿನ್ನುವುದರಿಂದ, ಕೆಂಡವು ಪೂರ್ತಿ ಆರಿದೊಡನೆ ಅದನ್ನು ತೆಗೆದು, ಜಾಲರಿಗೆ ಅಡುಗೆಯೆಣ್ಣೆ ಸವರಿ, ಪೀಪಾಯಿಯನ್ನು ಸೂರಿನಡಿ ಇರಿಸತಕ್ಕದ್ದು. ತೋಟದ ಕೀಟನಾಶಕವನ್ನು ತುಂಬಿದ್ದ ಪೀಪಾಯಿಯಾದರೋ ಈ ಕಾರ್ಯಕ್ಕೆ ಸರ್ವಥಾ ಸಲ್ಲದು.

ಇವೆರಡನ್ನೂ ಒಂದೇ ಪರಂಪರೆಯೆಂದು ಎಣಿಸುವುದು ಸಾಧುವಲ್ಲ. ಅಟ್ಟದಲ್ಲಿ ಉಪ್ಪು, ಒಣಗುವಿಕೆ, ದಿನಗಟ್ಟಲೆಯ ಹೊಗೆ ಇವು ಮೂರೂ ಕೂಡಿ ಆಹಾರವನ್ನು ಕಾಪಾಡುತ್ತಿದ್ದವು. ಪೀಪಾಯಿಯ ಬಿಸಿಹೊಗೆಯು ಕೆಲವು ಗಂಟೆಗಳಲ್ಲಿ ಮಾಂಸವನ್ನು ಬೇಯಿಸಿ ರುಚಿಯನ್ನು ಕೊಡುವುದೇ ಹೊರತು ಮಳೆಗಾಲಕ್ಕೆ ಉಳಿಸಿಕೊಡಲಾರದು. ಹೊಗೆಯ ಪರಿಮಳವೊಂದನ್ನೇ ನಂಬಿ ಅಂತಹ ಮಾಂಸವನ್ನು ಕೂಡಿಡುವವರು ಅಟ್ಟದ ವಿದ್ಯೆಯನ್ನು ಮರೆತವರೆಂದೇ ಹೇಳಬೇಕು.