ಲಿವಿಂಗ್ ವಿಲ್

ಗುಣವಾಗದ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪಿದಾಗ ತನಗೆ ವೆಂಟಿಲೇಟರ್, ಮೂಗಿನ ನಳಿಕೆಯ ಆಹಾರ ಬೇಕೋ ಬೇಡವೋ ಎಂದು ವ್ಯಕ್ತಿ ಮೊದಲೇ ಬರೆದಿಡುವ ಪತ್ರ. ಆಸ್ತಿಯ ಉಯಿಲು ಸತ್ತ ಮೇಲೆ ಜಾರಿಯಾಗುತ್ತದೆ; ಇದು ಬದುಕಿರುವಾಗಲೇ. ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ 1973ರಲ್ಲಿ ಹಲ್ಲೆಗೊಳಗಾಗಿ, ಏನನ್ನೂ ಹೇಳಲಾಗದ ಸ್ಥಿತಿಯಲ್ಲಿ 2015ರವರೆಗೂ ಮುಂಬಯಿಯ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿದರು. ಅವರ ಇಚ್ಛೆಯೇನೆಂದು ತಿಳಿಯುವ ದಾರಿಯೇ ಇರಲಿಲ್ಲ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಇಂಥ ಪತ್ರಕ್ಕೆ ಮಾನ್ಯತೆ ನೀಡಿತಾದರೂ, ಮ್ಯಾಜಿಸ್ಟ್ರೇಟರ ಸಹಿಯ ಷರತ್ತಿನಿಂದ ಅದು ಜನಸಾಮಾನ್ಯರಿಗೆ ಎಟುಕಲಿಲ್ಲ. 2023ರಿಂದ ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಚಿಕಿತ್ಸೆ ನಿಲ್ಲಿಸಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಬರೆದವರು ಮನಸ್ಸು ಬದಲಿಸಿದರೆ, ಪತ್ರವನ್ನು ಲಿಖಿತವಾಗಿ ಹಿಂಪಡೆಯಬಹುದು.