ಬೋರ್ ನೀರು ಸವಳಾದ್ರೆ ಹಣ್ಣಿನ ಗಿಡಕ್ಕೆ ಏನಾಗುತ್ತೆ? ಸಸಿ ಹಚ್ಚೋ ಮುಂಚೆ ತಿಳ್ಕೊಳ್ಳಿ

ವಿಜಯಪುರ: ದ್ರಾಕ್ಷಿ, ದಾಳಿಂಬೆ, ಲಿಂಬೆ ನಮ್ಮ ಜಿಲ್ಲೆಗೆ ಹೆಸರು ತಂದ ಬೆಳೆಗಳು. ಇಂಡಿ ಲಿಂಬೆಗೆ ಜಿಐ ಟ್ಯಾಗ್ ಕೂಡ ಇದೆ. ಆದರೆ ಕಾಲುವೆ ನೀರು ಬಾರದ ಕಡೆ ತೋಟ ನಿಂತಿರೋದು ಬೋರ್‌ವೆಲ್ ಮೇಲೆ. ಹಲವು ಕಡೆ ಆ ನೀರು ಸವಳು. ನೀರು ಬಿಟ್ರೂ ಗಿಡ ಒಣಗ್ತಿದೆ ಅಂದ್ರೆ ನೀರನ್ನೂ ಒಮ್ಮೆ ಅನುಮಾನಿಸಬೇಕು.

ಗಿಡಕ್ಕೆ ಏನಾಗುತ್ತೆ?

ಮಣ್ಣಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರಿಗೆ ನೀರು ಎಳೆಯೋದು ಕಷ್ಟ. ನೆಲ ಹಸಿ ಇದ್ರೂ ಗಿಡಕ್ಕೆ ಬಾಯಾರಿಕೆ. ಚಿಗುರು ಕಡಿಮೆ ಆಗುತ್ತೆ, ಕಾಯಿ ಸಣ್ಣದಾಗುತ್ತೆ. ಒಳಗೆ ಹೋದ ಕ್ಲೋರೈಡ್, ಸೋಡಿಯಂ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಮೊದಲು ಹಳೇ ಎಲೆಯ ತುದಿ, ಅಂಚು ಸುಟ್ಟಂತಾಗಿ ಆಮೇಲೆ ಉದುರುತ್ತೆ. ಸೋಡಿಯಂ ಜಾಸ್ತಿಯಾದ್ರೆ ಎರೆ ಭೂಮಿ ಬಿಗಿಯಾಗಿ ನೀರೇ ಇಳಿಯಲ್ಲ.

ಲೆಕ್ಕ ಹೀಗಿದೆ

ನೀರಿನ ಉಪ್ಪನ್ನು 'ಇಸಿ' ಅಂತ ಅಳೆಯುತ್ತಾರೆ. ಇಸಿ 1 (ಡೆಸಿಸೀಮೆನ್ಸ್/ಮೀಟರ್) ಇದ್ರೆ ಲೀಟರಿಗೆ ಸುಮಾರು 640 ಮಿಲಿಗ್ರಾಂ ಉಪ್ಪು. ಇಸಿ 2 ಇರುವ ನೀರನ್ನು ಗಿಡಕ್ಕೆ ದಿನಾ 20 ಲೀಟರ್ ಕೊಟ್ರೆ 100 ದಿನದಲ್ಲಿ ಬುಡಕ್ಕೆ ಎರಡೂವರೆ ಕೆಜಿ ಉಪ್ಪು ಸುರಿದಂತೆ!

ಯಾವ ಗಿಡ ತಡೆಯುತ್ತೆ?

* ಬೇಗ ಸೋಲುವವು: ಲಿಂಬೆ, ಕಿತ್ತಳೆ, ಮಾವು, ಬಾದಾಮಿ. ಕಿತ್ತಳೆ, ಬಾದಾಮಿಗೆ ನೀರಿನ ಇಸಿ ಸುಮಾರು 1 ದಾಟಿದ್ರೆ ಇಳುವರಿ ಇಳಿಯತೊಡಗುತ್ತೆ.
* ದ್ರಾಕ್ಷಿಯೂ ಸೂಕ್ಷ್ಮವೇ. ಅದಕ್ಕೇ ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟೋದು.
* ಸ್ವಲ್ಪ ತಡೆಯುವವು: ದಾಳಿಂಬೆ, ಅಂಜೂರ.
* ಚೆನ್ನಾಗಿ ತಡೆಯುವವು: ಬಾರಿ ಹಣ್ಣು, ತೆಂಗು, ಖರ್ಜೂರ.

ರೈತರು ಏನು ಮಾಡಬೇಕು?

* ಬೋರ್ ಅರ್ಧ ತಾಸು ಓಡಿಸಿ, ಸ್ವಚ್ಛ ಬಾಟಲಿಯಲ್ಲಿ ನೀರು ಹಿಡಿದು ಟೆಸ್ಟ್ ಮಾಡಿಸಿ. ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.
* ಕೃಷಿ ಹೊಂಡದ ಮಳೆನೀರು ಇದ್ರೆ ಬೋರ್ ನೀರಿಗೆ ಬೆರೆಸಿ ಬಿಡಿ.
* ಡ್ರಿಪ್‌ನಲ್ಲಿ ಉಪ್ಪು ಹಸಿ ಜಾಗದ ಅಂಚಿಗೆ ಕೂಡುತ್ತೆ. ಮೊದಲ ಸಣ್ಣ ಮಳೆ ಅದನ್ನು ಮತ್ತೆ ಬೇರಿಗೆ ತಳ್ಳುತ್ತೆ. ಆಗ ಡ್ರಿಪ್ ಬಂದ್ ಮಾಡಬೇಡಿ.
* ಆಗಾಗ ಹೆಚ್ಚು ನೀರು ಬಿಟ್ಟು ಉಪ್ಪನ್ನು ಕೆಳಗಿಳಿಸಬೇಕು. ಬಸಿಗಾಲುವೆ ಇಲ್ಲದಿದ್ರೆ ಉಪಯೋಗವಿಲ್ಲ, ಹೊಲ ಜವಳಾಗುತ್ತೆ.
* ಜಿಪ್ಸಂ ಸೋಡಿಯಂ ಸಮಸ್ಯೆಗೆ ಮಾತ್ರ. ಅದೊಂದರಿಂದಲೇ ಉಪ್ಪು ಹೋಗಲ್ಲ.
* ಎಂಒಪಿ ಗೊಬ್ಬರದಲ್ಲಿ ಕ್ಲೋರೈಡ್ ಇದೆ. ಬದಲಿಗೆ ಎಸ್‌ಒಪಿ ಬಳಸಿ.

ಜೋಳ ಕೈಕೊಟ್ರೆ ಒಂದು ಹಂಗಾಮು ಹೋಯ್ತು. ಹಣ್ಣಿನ ಗಿಡ ಕೈಕೊಟ್ರೆ ನಾಲ್ಕೈದು ವರ್ಷದ ದುಡ್ಡು, ದುಡಿಮೆ ಎರಡೂ ಹೋಗುತ್ತೆ. ಹಾಗಾಗಿ ಮೊದಲು ನೀರು ಟೆಸ್ಟ್, ಆಮೇಲೆ ಸಸಿ.