ಅಲೌಕಿಕ ಪ್ರಣಯಕಥೆ, ಕನ್ನಡದಲ್ಲಿ

ಮನುಷ್ಯರಿಗೂ ಮನುಷ್ಯಲೋಕದಾಚೆಯ ಜೀವಕ್ಕೂ ನಡುವೆ ಹುಟ್ಟುವ ಪ್ರೀತಿಯ ಕಥನ. ಆ ಜೀವ ಸರ್ಪವಾಗಿರಬಹುದು, ಯಕ್ಷಿ, ಗಂಧರ್ವ ಅಥವಾ ದೆವ್ವವಾಗಿರಬಹುದು. ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ (2005) ಜಗತ್ತಿನಾದ್ಯಂತ ಮಾರಾಟವಾದ ಮೇಲೆ ‘ಪ್ಯಾರಾನಾರ್ಮಲ್ ರೊಮ್ಯಾನ್ಸ್’ ಎಂಬ ಹೆಸರು ಇಲ್ಲಿಗೂ ಬಂತು. ಸರಕು ಮಾತ್ರ ನಮ್ಮಲ್ಲಿ ಸಾವಿರ ವರ್ಷ ಹಳೆಯದು. ಕೃಷ್ಣೆ, ಘಟಪ್ರಭೆಗಳ ದಂಡೆಯ ಬೀಳಗಿ, ಜಮಖಂಡಿ, ಮುಧೋಳ, ಗೋಕಾಕ, ಹುಕ್ಕೇರಿ ಸೀಮೆ ಅದಕ್ಕೆ ಕೊಟ್ಟದ್ದು ಬಹಳ. ಈ ಬಗೆಯ ಕಥೆ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಅಲೌಕಿಕ ಜೀವದೊಂದಿಗಿನ ಕರಾರನ್ನು ನೋಡಬೇಕು. ಕರಾರು ಗಟ್ಟಿಯಿದ್ದು, ಅದಕ್ಕೆ ಯಾರಾದರೂ ಬೆಲೆ ತೆತ್ತರೆ ಕೇಳುಗ ನಂಬುತ್ತಾನೆ.

ಮುಧೋಳದ ರನ್ನನ ಕಾಲದವನೇ ಆದ ಒಂದನೆಯ ನಾಗವರ್ಮ, ಬಾಣನ ಸಂಸ್ಕೃತ ಕಥೆಯನ್ನು ‘ಕರ್ನಾಟಕ ಕಾದಂಬರಿ’ಯಾಗಿ ಚಂಪುವಿನಲ್ಲಿ ಬರೆದ. ಸತ್ತ ಪುಂಡರೀಕನಿಗಾಗಿ ಗಂಧರ್ವಕನ್ಯೆ ಮಹಾಶ್ವೇತೆ ಅಚ್ಛೋದ ಸರೋವರದ ದಡದಲ್ಲಿ ತಪಸ್ವಿನಿಯಾಗಿ ಕಾಯುತ್ತಾಳೆ. ಅವಳ ಗೆಳತಿ ಕಾದಂಬರಿ ತನ್ನ ಪ್ರಿಯನ ಕೆಡದ ದೇಹವನ್ನು ಕಾಯುತ್ತಾಳೆ. ಪುಂಡರೀಕನೋ ಗಿಳಿಯಾಗಿ ಹುಟ್ಟಿರುತ್ತಾನೆ. ಕೊನೆಗೆ ಎಲ್ಲರೂ ಸೇರುತ್ತಾರೆ. ಆದರೆ ಶಾಪ, ಮರುಹುಟ್ಟು, ವರ್ಷಗಳ ಕಾಯುವಿಕೆ ಇವೆಲ್ಲ ಸಂದಾಯವಾದ ಮೇಲಷ್ಟೇ. ನೇಮಿಚಂದ್ರನ ‘ಲೀಲಾವತಿ’ಯಲ್ಲಿ (ಸು. 1170) ನಾಯಕ, ನಾಯಕಿ ಒಬ್ಬರನ್ನೊಬ್ಬರು ಕನಸಿನಲ್ಲಿ ಕಂಡು ಹುಡುಕಿ ಹೊರಡುತ್ತಾರೆ. ಅಲ್ಲಿ ವರ್ಣನೆಯೇ ಉಬ್ಬಿ, ಪ್ರೀತಿ ಹಿಂದೆ ಬಿದ್ದಿದೆ ಎಂದು ಈಗಿನ ಓದುಗನಿಗೆ ಅನ್ನಿಸಿದರೆ ತಪ್ಪಿಲ್ಲ.

ಕಾವ್ಯದಾಚೆ, ಹೆಂಗಸರ ಬಾಯಲ್ಲಿ ಇದೇ ಸರಕು ಬೇರೆ ದಾರಿ ಹಿಡಿಯಿತು. ಶ್ರಾವಣದ ಪಂಚಮಿ ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಜೋಕಾಲಿ ಆಡಬೇಕು, ಉಂಡಿ ಕಟ್ಟಬೇಕು, ನಾಗಪ್ಪನಿಗೆ ಹಾಲೆರೆಯಬೇಕು. ಗಂಡನ ಮನೆಯಲ್ಲಿ ಮಾತಾಡುವವರಿಲ್ಲದ ಸೊಸೆಗೆ ಹುತ್ತದೊಳಗಿನ ಜೀವ ಆಪ್ತವಾದದ್ದು ಹೀಗೆ. ಆದ್ದರಿಂದಲೇ ಇಲ್ಲಿನ ಸರ್ಪಪ್ರಣಯದ ಕಥೆ ಮದುವೆಯಲ್ಲಿ ಮುಗಿಯುವುದಿಲ್ಲ, ಮದುವೆಯಾದ ಮೇಲೆ ಶುರುವಾಗುತ್ತದೆ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಇಂಥ ಕಥೆಗಳನ್ನು ಕಲೆಹಾಕಿದರು. ಹೂಬಿಡುವ ಮರವಾಗಿ ಬದಲಾಗುವ ಹುಡುಗಿಯ ಕಥೆ ಅವುಗಳಲ್ಲೊಂದು. ಗಿರೀಶ ಕಾರ್ನಾಡರು ಅದನ್ನು ‘ಚೆಲುವಿ’ (1992) ಚಿತ್ರ ಮಾಡಿದರು. ಅವಳನ್ನು ಮರವಾಗಿಸಲು ಮೈಮೇಲೆ ನೀರು ಸುರಿಯುವವರು ಒಂದು ಟೊಂಗೆಯನ್ನೂ ಮುರಿಯಬಾರದು ಎಂಬುದು ಅಲ್ಲಿನ ಕರಾರು. ಮುರಿಯುತ್ತಾರೆ, ಹುಡುಗಿ ಅರೆಮರವಾಗಿ ಉಳಿಯುತ್ತಾಳೆ.

ರಾಮಾನುಜನ್ ಹೇಳಿದ ಎರಡು ಕಥೆಗಳನ್ನು ಹೆಣೆದು ಕಾರ್ನಾಡರು 1987-88ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ, ‘ನಾಗಮಂಡಲ’ ಬರೆದರು. ಈ ಪ್ರಕಾರದ ಅತ್ಯುತ್ತಮ ಕನ್ನಡ ಕೃತಿ ಅದೇ. ಗಂಡ ಅಪ್ಪಣ್ಣ ಮಧ್ಯಾಹ್ನ ಉಣ್ಣಲು ಬಂದು, ಹೆಂಡತಿ ರಾಣಿಯನ್ನು ಒಳಗೆ ಕೂಡಿ ಬೀಗ ಹಾಕಿ, ಸೂಳೆಯ ಮನೆಗೆ ಹೋಗುತ್ತಾನೆ. ಗಂಡನನ್ನು ಒಲಿಸಲು ಕುರುಡವ್ವ ಬೇರು ಕೊಡುತ್ತಾಳೆ. ಅದನ್ನು ಅರೆದು ಹಾಕಿದ ಸಾರು ರಕ್ತದಂತೆ ಕೆಂಪಾಗಿ ಕುದಿಯುತ್ತದೆ. ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಕುಡಿದ ನಾಗಪ್ಪ ಅವಳಿಗೆ ಮರುಳಾಗಿ, ಅಪ್ಪಣ್ಣನ ರೂಪದಲ್ಲಿ ರಾತ್ರಿ ಬರುತ್ತಾನೆ. ಹಗಲಿನ ಗಂಡನೂ ರಾತ್ರಿಯ ಗಂಡನೂ ಬೇರೆ ಯಾಕೆ ಎಂದು ಅವಳು ಕೇಳಬಾರದು. ಬಸಿರಾದಾಗ ಪಂಚಾಯತಿ ಸೇರುತ್ತದೆ. ರಾಣಿ ಹುತ್ತದಲ್ಲಿ ಕೈಯಿಟ್ಟು ನಾಗರವನ್ನು ಹಿಡಿದು, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ಆಣೆಯಿಡುತ್ತಾಳೆ. ಅಕ್ಷರಶಃ ನಿಜ. ಹಾವು ಹೆಡೆ ಬಿಚ್ಚಿ ನೆರಳು ಮಾಡುತ್ತದೆ, ಊರು ಅವಳನ್ನು ದೇವಿಯೆನ್ನುತ್ತದೆ.

ಕೇಳುಗರ ನಿರಾಸೆಯೂ ಈ ನಾಟಕದ ಒಳಗೇ ಇದೆ. ಚೌಕಟ್ಟಿನ ಕಥೆಯ ನಾಟಕಕಾರ ಪ್ರೇಕ್ಷಕರನ್ನು ನಿದ್ದೆಗೆ ಕೆಡವಿದ ಪಾಪಕ್ಕೆ ತಾನು ಒಂದು ರಾತ್ರಿಯಿಡೀ ಎಚ್ಚರಿರಬೇಕು, ತೂಕಡಿಸಿದರೆ ಸಾವು. ಹಾಳುಗುಡಿಯಲ್ಲಿ ನೆರೆದ ದೀಪದ ಕುಡಿಗಳ ಜೊತೆ ಕೂತು ಅವನು ಕಥೆ ಕೇಳುತ್ತಾನೆ. ಗಂಡ, ಹೆಂಡತಿ, ಮಗು ಸುಖವಾಗಿದ್ದರು ಎಂದು ಮುಗಿಸಿದರೆ ಯಾರೂ ಒಪ್ಪುವುದಿಲ್ಲ: ಪ್ರೀತಿಸಿದ ಹಾವು ಏನಾಯಿತು? ಆಗ ಹಾವು ರಾಣಿಯ ಕೂದಲಲ್ಲಿ ಸಾಯುತ್ತದೆ. ಅದೂ ಸಾಲದೆ, ಅದು ಅವಳ ಮುಡಿಯಲ್ಲೇ ಬದುಕಿ ಉಳಿಯುವ ಇನ್ನೊಂದು ಕೊನೆ ಬರುತ್ತದೆ. ಟಿ.ಎಸ್. ನಾಗಾಭರಣರ ಚಿತ್ರ (1997) ಗೋಪಾಲ ವಾಜಪೇಯಿಯವರ ಉತ್ತರ ಕರ್ನಾಟಕದ ಮಾತಿನ ಹಾಡುಗಳಿಂದ ಈ ಕಥೆಯನ್ನು ಮನೆಮನೆಗೆ ಮುಟ್ಟಿಸಿತು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಗೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತನ್ನೊಳಗಿನ ಚೆಲುವೆಯನ್ನೇ ಮದುವೆಯಾಗುತ್ತೇನೆಂದು ರಾಜಕುಮಾರ ತನ್ನನ್ನು ಎರಡು ಹೋಳು ಮಾಡಿಸಿ ಕೊಡಗಳಲ್ಲಿ ಇಡಿಸುತ್ತಾನೆ. ಒಂದರಿಂದ ಅವನೇ ಬರುತ್ತಾನೆ, ಇನ್ನೊಂದರಿಂದ ಕಾಳಿಂಗ ಸರ್ಪ. ರಾಜಕುಮಾರ ಕೈಹಿಡಿದ ಸಿರಿಸಂಪಿಗೆಯನ್ನು ಪ್ರೀತಿಸುವುದು ಆ ಸರ್ಪವೇ. ‘ಚಕೋರಿ’ಯಲ್ಲಿ ಕಂಬಾರರು ಯಕ್ಷಿಗೆ ಮನಸೋತವನ ಕಥೆ ಹೇಳಿದರು. ಇದೇ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟದಲ್ಲಿ ದೇವಲೋಕದ ಒಂದು ಹೂವು ಸವತಿಯರ ಜಗಳಕ್ಕೆ ಕಾರಣವಾಗುತ್ತದೆ. ಕೃಷ್ಣ ದೇವರಾದರೂ ಸತ್ಯಭಾಮೆಯ ಸಿಟ್ಟಿಗೆ ಮೈಬಾಗಿಸಿ ಕೊರವಂಜಿ ವೇಷ ಹಾಕಬೇಕು. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಆ ಆಟಕ್ಕೆ ಹೆಸರು ತಂದರು.

ಬೀಳಗಿ ತಾಲ್ಲೂಕಿನ ಗಲಗಲಿಯಲ್ಲಿ ಹುಟ್ಟಿದ ಸತ್ಯಕಾಮ (1920–1998) ಈ ಸಾಲಿಗೆ ಅರ್ಧ ಮಾತ್ರ ಸೇರುತ್ತಾರೆ. ಸ್ವಾತಂತ್ರ್ಯ ಹೋರಾಟ, ಅಲೆದಾಟ, ತಂತ್ರಸಾಧನೆಗಳ ನಂತರ ಜಮಖಂಡಿ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಒಕ್ಕಲುತನ ಮಾಡಿದ ಅವರ ‘ತಂತ್ರಯೋನಿ’, ‘ಪಂಚಮಗಳ ನಡುವೆ’ ಕೃತಿಗಳಲ್ಲಿ ಅಲೌಕಿಕ ಹೊರಗಿನಿಂದ ಬರುವುದಿಲ್ಲ, ಹೆಣ್ಣೇ ಶಕ್ತಿ. ರೋಮಾಂಚನ ಹುಡುಕಿ ಕೈಗೆತ್ತಿಕೊಂಡವರಿಗೆ ಸಿಗುವುದು ಸಾಧನೆಯ ಶಿಸ್ತು. ಆ ನಿರಾಸೆಗೆ ಲೇಖಕರು ಹೊಣೆಯಲ್ಲ.

ಜನಪ್ರಿಯ ಕಾದಂಬರಿಯಲ್ಲಿ ಭಯ ಪ್ರೀತಿಗಿಂತ ಚೆನ್ನಾಗಿ ಮಾರಾಟವಾಯಿತು. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಕನ್ನಡಕ್ಕೆ ಬಂದು, 1985ರಲ್ಲಿ ಚಿತ್ರವೂ ಆಯಿತು. ಅಲ್ಲಿರುವುದು ಮಾಟ, ಪ್ರಣಯವಲ್ಲ. ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಗಂಡಸಿನ ಬೆನ್ನು ಹತ್ತಿದ ಹೆಣ್ಣುದೆವ್ವ ನಿಜಕ್ಕೂ ಕಾಡುತ್ತದೆ, ಆದರೆ ಭಕ್ತಿಯ ಪವಾಡ ಬಂದೊಡನೆ ಅವಳ ಅಳಲು ಕೇಳುವವರಿಲ್ಲ. ಪಿ. ವಾಸು ಅವರ ‘ಆಪ್ತಮಿತ್ರ’ (2004), ಮಲಯಾಳಂನ ‘ಮಣಿಚಿತ್ರತ್ತಾಳ್’ (1993) ಆಧರಿಸಿದ್ದು, ಹೆಚ್ಚು ಜಾಣತನದ್ದು. ಹೆಂಗಸೊಬ್ಬಳ ಮೈಮೇಲೆ ಬರುವ, ಹಿಂದೆ ಕೊಲೆಯಾದ ನಾಗವಲ್ಲಿಯ ದೆವ್ವ ಬರಿಯ ಮನೋರೋಗ ಎಂದು ಡಾಕ್ಟರು ಹೇಳುತ್ತಾರೆ ನಿಜ. ಆದರೂ ಕೊಂದವನ ಮೇಲೆ ಅವಳು ಸೇಡು ತೀರಿಸಿಕೊಂಡೆನೆಂದು ನಂಬುವಂತೆ ಏರ್ಪಾಟು ಮಾಡಿಯೇ ಗುಣಪಡಿಸುತ್ತಾರೆ. ದೆವ್ವಕ್ಕೆ ಸಲ್ಲಬೇಕಾದ್ದು ಸಂದಿತು, ಪ್ರೇಕ್ಷಕರೂ ಒಪ್ಪಿದರು.

ಜೀ ಕನ್ನಡದಲ್ಲಿ 2016ರಲ್ಲಿ ಶುರುವಾದ ‘ನಾಗಿಣಿ’ ಸರ್ಪಪ್ರಣಯವನ್ನು ದಿನದ ಧಾರಾವಾಹಿಯಾಗಿಸಿತು, 2020ರಲ್ಲಿ ಎರಡನೆಯ ಭಾಗವೂ ಬಂತು. ಮೊಬೈಲಿನಲ್ಲಿ ಕಂತುಕಂತಾಗಿ ಬರುವ ಕಥೆಗಳದ್ದೂ ಇದೇ ಜಾಡು. ಕಂತು ಮುಂದುವರಿಯಬೇಕಾದರೆ ಕರಾರು ಮುರಿದರೂ ಏನೂ ಆಗಬಾರದು, ಸತ್ತವರು ತಿರುಗಿ ಬರಬೇಕು. ಮೊದಮೊದಲು ಬಿಡದೆ ನೋಡಿದವರೇ ನಡುವೆ ಕೈಬಿಡುವುದು ಅಲ್ಲಿಯೇ.